ಗಂಗಾಳ ಪಾಳಿ

ಗುರುದೇವಿಯ ಕೈಕೆಳಗೆ ಒಂಬತ್ತು ಜನ ದುಡಿಯುತ್ತಿದ್ದರು. ಒಬ್ಬರ ಮುಖವನ್ನೂ ಆಕೆ ಎದುರಿಗೆ ಕಂಡವಳಲ್ಲ. ಒಬ್ಬರು ಸೇಡಂನಲ್ಲಿ, ಒಬ್ಬರು ಮಾನ್ವಿಯಲ್ಲಿ, ಇನ್ನೊಬ್ಬರು ಆಳಂದದಲ್ಲಿ, ಹೀಗೆ ತಂತಮ್ಮ ಮನೆಯಲ್ಲೇ ಕುಳಿತು, ಹೊಲದ ಪಂಪು ಮೋಟರು ಮಾಡುವ ಒಂದು ಕಂಪನಿಯ ಪರವಾಗಿ ರೈತರ ಫೋನು ಎತ್ತುವವರು. ಗುರುದೇವಿ ಹೈದರಾಬಾದಿನ ಕೊಂಡಾಪುರದಲ್ಲಿ, ಮೂರನೇ ಮಹಡಿಯ ಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡೇ ಹಾಕಿದ ಟೇಬಲ್ಲಿನ ಮುಂದೆ ಕುಳಿತು ಅವರನ್ನೆಲ್ಲ ನಡೆಸಬೇಕು. ಆಕೆಯ ಗಂಡ ಭೀಮಾಶಂಕರ ಬೇಗಂ ಬಜಾರಿನ ಪಾತ್ರೆ ಅಂಗಡಿಯಲ್ಲಿ ಗುಮಾಸ್ತ. ತಮ್ಮ ಸೇಠ್‌ಜಿ ಗಾದಿಯ ಮೇಲೆ ಕುಳಿತು ಇಪ್ಪತ್ತು ಆಳುಗಳನ್ನು ಕಣ್ಣಲ್ಲೇ ಆಳುತ್ತಾನೆ, ನೀನು ಕಾಣದವರನ್ನು ಆಳುವ ಮಹಾರಾಣಿ ಅಂತ ಅವನು ಚೇಷ್ಟೆ ಮಾಡುವುದಿತ್ತು. ಮೊದಲು ಆಕೆಗೂ ನಗು ಬರುತ್ತಿತ್ತು, ಈಚೆಗೆ ಬರುತ್ತಿರಲಿಲ್ಲ.

ಕೊರೋನಾ ವರ್ಷಕ್ಕೆ ಮೊದಲು ಹೀಗಿರಲಿಲ್ಲ. ಕೊಂಡಾಪುರದಲ್ಲೇ ಕಾಲ್ ಸೆಂಟರಿನ ಆಫೀಸಿತ್ತು, ನಲವತ್ತು ಕುರ್ಚಿಗಳಿದ್ದವು, ಗುರುದೇವಿಯೂ ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಫೋನು ಎತ್ತುವವಳೇ ಆಗಿದ್ದಳು. ಪಕ್ಕದವಳ ಕಣ್ಣು ಕೆಂಪಾಗಿದ್ದರೆ ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಕಾರಣ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಕಂಪನಿಯವರು ಆಫೀಸಿನ ಬಾಡಿಗೆ ಯಾಕೆ ದಂಡ ಅಂತ ಬಾಗಿಲು ಹಾಕಿದರು, ಊರೂರಲ್ಲಿ ಜನ ಹಿಡಿದರು, ಗುರುದೇವಿಯನ್ನು ಅವರ ಮೇಲೆ ಕೂಡಿಸಿದರು. ಈಗ ಆಕೆಗೆ ಕಾಣುವುದು ಒಂಬತ್ತು ಹೆಸರು, ಹೆಸರಿನ ಪಕ್ಕ ಒಂದೊಂದು ಹಸಿರು ಚುಕ್ಕೆ. ನೆಟ್ ಖರ್ಚಾಗುತ್ತದೆಂದು ಯಾರೂ ಕ್ಯಾಮೆರಾ ಹಾಕುವುದಿಲ್ಲ. ದಿನಕ್ಕೆ ಮೂರು ಮೀಟಿಂಗು, ಮೂರರಲ್ಲೂ ಅದೇ ಮಾತು. ಎಲ್ಲಾರೂ ಆರಾಮ್ ಅದೀರಿಲ್ಲೋ ಅಂತ ಆಕೆ ಕೇಳಬೇಕು, ಆರಾಮ್ ರಿ ಅಕ್ಕಾರ ಅಂತ ಅವರು ಅನ್ನಬೇಕು. ಜ್ವರ ಬಂದವರೂ ಆರಾಮ್, ಕರೆಂಟು ಹೋಗಿ ಕತ್ತಲಲ್ಲಿ ಕುಳಿತವರೂ ಆರಾಮ್. ಅಷ್ಟು ಆರಾಮಿದ್ದ ಜನ ಭೂಮಿಯ ಮೇಲೆ ಬೇರೆಲ್ಲೂ ಇರಲಿಕ್ಕಿಲ್ಲ.

ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ತಿಂಗಳಿಗೆ ಒಬ್ಬೊಬ್ಬರ ಐದೈದು ಕರೆ ಕೇಳಿ ಅಂಕ ಹಾಕುವುದು ಗುರುದೇವಿಯ ಕೆಲಸ. ಮೂರು ತಿಂಗಳಿಂದ ಆಕೆ ಅದನ್ನು ಕೇಳಿಯೇ ಇರಲಿಲ್ಲ. ಎಷ್ಟು ಕರೆ, ಎಷ್ಟು ನಿಮಿಷ, ರೈತರು ಕೊಟ್ಟ ನಕ್ಷತ್ರ ಎಷ್ಟು ಅಂತ ಕಂಪ್ಯೂಟರೇ ಲೆಕ್ಕ ಕೊಡುತ್ತಿತ್ತು, ಆ ಲೆಕ್ಕ ನೋಡಿ ಅಂದಾಜಿನ ಮೇಲೆ ಅಂಕ ಬರೆದುಬಿಡುತ್ತಿದ್ದಳು. ಇದು ತಪ್ಪೇ, ಮುಚ್ಚಿಡುವಂಥದ್ದೇನಲ್ಲ. ಆದರೆ ದಿನವಿಡೀ ಕಿವಿಗೆ ಮಾತು ಸುರಿದುಕೊಂಡವಳಿಗೆ ಸಂಜೆ ಇನ್ನೊಂದು ದನಿ ಕೇಳುವುದೆಂದರೆ ಉಂಡ ಮೇಲೆ ಮತ್ತೆ ಎಲೆ ಹಾಕಿಸಿಕೊಂಡ ಹಾಗೆ.

ಆ ಮಂಗಳವಾರ ಶಾಂತಕುಮಾರ ಫೋನು ಮಾಡಿದ. ಅವನು ಆಕೆಯ ಮೇಲಿನ ಮ್ಯಾನೇಜರು, ಮೈಸೂರಿನ ಕಡೆಯವನು, ಇದೇ ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಮನೆ. ಹತ್ತು ತಂಡಗಳಲ್ಲಿ ಈ ಸಲ ಗುರುದೇವಿಯ ತಂಡದ ಗಂಗಾ ಮೊದಲು ಬಂದಿದ್ದಾಳಂತೆ. ಶುಕ್ರವಾರ ಪಂಪು ಕಂಪನಿಯ ದೊಡ್ಡವರೆಲ್ಲ ಮೀಟಿಂಗಿಗೆ ಬರುತ್ತಾರೆ, ಗಂಗಾಳ ಎರಡು ಒಳ್ಳೆಯ ಕರೆ ಆರಿಸಿಕೊಡಿ, ಅವರಿಗೆ ಕೇಳಿಸೋಣ, ಆಮೇಲೆ ಆ ಹುಡುಗಿ ಎರಡು ನಿಮಿಷ ಮಾತಾಡಲಿ ಅಂದ.

ಗುರುದೇವಿಗೆ ಖುಷಿಯಾಯಿತು. ಗಂಗಾ ಸೇಡಂನವಳು, ಕೆಲಸಕ್ಕೆ ಸೇರಿ ಎರಡು ವರ್ಷ, ಗಂಡನಿಲ್ಲ, ಒಬ್ಬ ಮಗಳಿದ್ದಾಳೆ ಅನ್ನುವಷ್ಟು ಆಕೆಗೆ ಗೊತ್ತು. ಚಹಾ ಇಟ್ಟುಕೊಂಡು, ಹೆಡ್‌ಫೋನ್ ಹಾಕಿಕೊಂಡು, ಗಂಗಾಳ ಹೆಸರಿನಲ್ಲಿದ್ದ ಮೊದಲ ಕರೆ ಒತ್ತಿದಳು. ಯಾರೋ ಮುದುಕನ ಮೋಟರು ಗುಂಯ್ ಅನ್ನುತ್ತದೆ, ನೀರು ಎತ್ತುವುದಿಲ್ಲ. ಈ ಕಡೆಯ ದನಿ, "ನಾ ಗಂಗಾ ಮಾತಾಡಾಕತ್ತೀನ್ರಿ ಯಪ್ಪಾ, ಗಾಬರಿ ಆಗಬ್ಯಾಡ್ರಿ" ಅಂದಿತು. ಆ ದನಿ ಗಂಗಾಳದಲ್ಲ. ಮುದುಕರನ್ನೆಲ್ಲ ಯಪ್ಪಾ ಅನ್ನುವವಳು ಮಾನ್ವಿಯ ಸುಗಲಮ್ಮ.

ತಾನು ತಪ್ಪು ಕರೆ ಒತ್ತಿರಬೇಕು ಅಂದುಕೊಂಡು ಇನ್ನೊಂದು ತೆಗೆದಳು. ಅದರಲ್ಲಿ ಗಂಗಾ ಅಂತ ಹೇಳಿಕೊಂಡವಳು ಆಳಂದದ ಸಾವಿತ್ರಿಬಾಯಿ, ನಡುನಡುವೆ ಮರಾಠಿ ಬೆರೆಸುವ ಮಾತು ಬೇರೆ ಯಾರದ್ದೂ ಅಲ್ಲ. ಮುಖ ಕಾಣದಿದ್ದರೇನು, ಈ ದನಿಗಳನ್ನು ಗುರುದೇವಿ ನಿದ್ದೆಯಲ್ಲೂ ಗುರುತಿಸಬಲ್ಲಳು. ಚಹಾ ಆರಿತು. ಸಂಜೆಯವರೆಗೆ ಮೂವತ್ತು ಕರೆ ಕೇಳಿದಳು. ಎರಡು ತಿಂಗಳಿಂದ ಗಂಗಾಳ ಹೆಸರಿನಲ್ಲಿ ಮಾತಾಡಿದವರು ನಾಲ್ವರು ಹೆಂಗಸರು. ಗಂಗಾ ಮಾತ್ರ ಒಂದರಲ್ಲೂ ಇರಲಿಲ್ಲ.

ಹೊತ್ತು ನೋಡಿದಾಗ ಲೆಕ್ಕ ತಿಳಿಯಿತು. ಬೆಳಗಿನ ಪಾಳಿ ಆರರಿಂದ ಎರಡು, ಸಂಜೆ ಪಾಳಿ ಎರಡರಿಂದ ಹತ್ತು, ನಡುವೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಗಂಗಾಳದು. ಸಂಜೆಯ ಇಬ್ಬರು ತಮ್ಮ ಪಾಳಿಗೆ ಮೊದಲು ತಲಾ ಎರಡು ಗಂಟೆ, ಬೆಳಗಿನ ಇಬ್ಬರು ತಮ್ಮ ಪಾಳಿ ಮುಗಿದ ಮೇಲೆ ತಲಾ ಎರಡು ಗಂಟೆ, ಗಂಗಾಳ ಕುರ್ಚಿಯಲ್ಲಿ ಕುಳಿತಿದ್ದರು.

ಗುರುದೇವಿಗೆ ಇದು ಎಲ್ಲಿಯದು ಅಂತ ಗೊತ್ತಿತ್ತು. ಆಕೆಯ ತವರು ಚಿತ್ತಾಪುರದ ಕಡೆ. ತೊಗರಿ ಕೊಯ್ಯುವ ದಿನಗಳಲ್ಲಿ ಅವ್ವ ಬಸಲಿಂಗಮ್ಮ ಮುಯ್ಯಾಳಾಗಿ ಹೋಗುತ್ತಿದ್ದಳು. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ, ಕೂಲಿಯ ಮಾತಿಲ್ಲ. ಬಸುರಿ ಬಾಣಂತಿಯ ಹೊಲವಾದರೆ ಮೊದಲ ಸರದಿ ಅದಕ್ಕೆ. ಮುಯ್ಯಿಗೆ ಹೋದವರಿಗೆ ಒಂದು ಕಟ್ಟು: ತಮ್ಮ ಹೊಲದಲ್ಲಿ ಬೇಕಾದರೆ ಹರಟೆ ಹೊಡೆಯಲಿ, ಇನ್ನೊಬ್ಬರ ಹೊಲದಲ್ಲಿ ಒಂದು ಗಿಡ ಬಿಟ್ಟರೂ ಹೆಸರು ಕೆಡುತ್ತದೆ. ಈ ಹೆಂಗಸರು ಮಾಡಿಕೊಂಡ ಎಡವಟ್ಟು ಅದೇ. ಗಂಗಾಳ ಹೆಸರು ಕೆಡಬಾರದೆಂದು ನಾಲ್ವರೂ ತಮ್ಮ ಸ್ವಂತ ಪಾಳಿಯಲ್ಲಿ ಎಂದೂ ಮಾಡದಷ್ಟು ಮನಸ್ಸಿಟ್ಟು ಮಾಡಿ, ಅವಳನ್ನು ಹತ್ತು ತಂಡಕ್ಕೆ ಮೊದಲಿಗಳನ್ನಾಗಿ ಮಾಡಿಬಿಟ್ಟಿದ್ದರು. ಕಣ್ಣು ತಪ್ಪಿಸಬೇಕಾದವಳನ್ನು ಎತ್ತಿ ಕಟ್ಟೆಯ ಮೇಲೆ ಕೂಡಿಸಿದ ಹಾಗಾಯಿತು.

ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕುಳಿತರೆ ಕೆಲಸ ಹೋಗುತ್ತದೆ, ಅದು ಕಂಪನಿಯ ಮೊದಲ ಕಾನೂನು. ಐದು ಜನರ ಕೆಲಸ. ಹೇಳಿದರೆ ಅವರು ಹೋಗುತ್ತಾರೆ, ಹೇಳದಿದ್ದರೆ ಶುಕ್ರವಾರ ಗಂಗಾ ಮಾತಾಡಬೇಕು. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಬುಧವಾರ ಮಧ್ಯಾಹ್ನ ಗುರುದೇವಿ ಗಂಗಾಳಿಗೆ ಫೋನು ಮಾಡಿದಳು. ಕಟ್ ಆಯಿತು. ಮೀಟಿಂಗಿನಾಗ ಅದೀನ್ರಿ ಅಕ್ಕಾರ ಅಂತ ಮೆಸೇಜು ಬಂತು. ಮೀಟಿಂಗು ಕರೆಯುವವಳೇ ತಾನು, ತಾನಿಲ್ಲದ ಮೀಟಿಂಗು ಯಾವುದಪ್ಪ ಅಂತ ಗುರುದೇವಿ ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಫೋನು ಎತ್ತಿದರು. ಉಸಿರು ಮಾತ್ರ ಕೇಳಿಸಿತು. ಆಮೇಲೆ ತೂತು ಬಿದ್ದ ತಿದಿಯಿಂದ ಗಾಳಿ ಹೋದಂಥ ಒಂದು ಸದ್ದು. ಅದು ಅಕ್ಕಾರ ಅನ್ನುವ ಮಾತು ಅಂತ ತಿಳಿಯಲು ಗುರುದೇವಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಾತಾಡಬೇಡ, ಬರೆ, ನನಗೆ ಎಲ್ಲ ಗೊತ್ತಾಗಿದೆ ಅಂದಳು. ಗಂಗಾ ಬರೆಯತೊಡಗಿದಳು. ಕುತ್ತಿಗೆಯಲ್ಲಿ ಗಂಟಾಗಿತ್ತು, ತೆಗೆಸಿದರು. ದನಿಯ ನರಕ್ಕೆ ಪೆಟ್ಟಾಗಿದೆ, ಆರು ತಿಂಗಳಲ್ಲಿ ಬರಬಹುದು, ಬರದೆಯೂ ಇರಬಹುದು ಅಂದಿದ್ದಾರೆ. ತಂಗಿಯ ಮದುವೆ ಅಂತ ಹತ್ತು ದಿನ ರಜೆ ಹಾಕಿದ್ದು ಅದಕ್ಕೇ. ಆ ಮದುವೆಗೆ ಗುರುದೇವಿ ಹೂವಿನ ಚಿತ್ರವಿದ್ದ ಶುಭಾಶಯ ಕಳಿಸಿದ್ದಳು. ಮೀಟಿಂಗಿನಲ್ಲಿ ಮಾತ್ರ ಮೈಕು ಕೈಕೊಡುತ್ತದೆ ಅಂತ ಗಂಗಾ ಬರೆದು ತಿಳಿಸುತ್ತಿದ್ದಳು. ಪಾಪ ಅಂತ ಗುರುದೇವಿ ಮೇಲಿನವರ ಹತ್ತಿರ ಜಗಳವಾಡಿ ಹೊಸ ಹೆಡ್‌ಫೋನ್ ಕಳಿಸಿಕೊಟ್ಟಿದ್ದಳು. ಅದು ಸೇಡಂನಲ್ಲಿ ಡಬ್ಬಿ ಕೂಡ ಒಡೆಯದೆ ಕೂತಿತ್ತು.

ಸುಮ್ಮನೆ ಮುಯ್ಯಿ ತಿನ್ನಲಿಲ್ಲ ಅಂತಲೂ ಗಂಗಾ ಬರೆದಳು. ಕರೆ ಮುಗಿದ ಮೇಲೆ ರೈತರ ದೂರು ಬರೆದಿಡಬೇಕಲ್ಲ, ನಾಲ್ವರದ್ದೂ ಈಗ ಅವಳೇ ಬರೆಯುವುದು, ರೆಕಾರ್ಡಿಂಗ್ ಕೇಳಿ ಒಂದಕ್ಷರ ಬಿಡದ ಹಾಗೆ. ಈ ಎರಡು ತಿಂಗಳಲ್ಲಿ ತಂಡದ ಬರಹ ಎಷ್ಟು ಸುಧಾರಿಸಿತು ಅಂತ ಮೀಟಿಂಗಿನಲ್ಲಿ ಹೊಗಳಿದ್ದು ಗುರುದೇವಿಗೆ ನೆನಪಾಯಿತು. ಗಂಡಸರು ಗಂಗಾ ಅಂತ ಹೇಳಿಕೊಂಡು ಮಾತಾಡಲು ಬರುವುದಿಲ್ಲವಾದ್ದರಿಂದ ಸುರಪುರದ ಹುಲಗೇಶನಿಗೆ ಬೇರೆ ಕೆಲಸ ಕೊಟ್ಟಿದ್ದರು. ಮೀಟಿಂಗಿನಲ್ಲಿ ಗಂಗಾಳ ಹೆಸರು ಬಂದ ಕೂಡಲೇ ಅವನು ಏನಾದರೂ ಸಂಶಯ ತೆಗೆದು ಮಾತು ಬೇರೆ ಕಡೆ ಎಳೆಯಬೇಕು. ಹುಡುಗ ಕೆಲಸ ಕಲಿಯುವುದರಲ್ಲಿ ಚುರುಕಾದ ಅಂತ ಗುರುದೇವಿ ಅವನಿಗೆ ಎರಡು ಅಂಕ ಜಾಸ್ತಿಯೇ ಹಾಕಿದ್ದಳು.

ನಗು ಬರಬೇಕಿತ್ತು. ಬರಲಿಲ್ಲ. ಕೇಳಬೇಕಾದ್ದು ಒಂದೇ ಉಳಿದಿತ್ತು.

"ನನಗ ಯಾಕ ಹೇಳ್ಲಿಲ್ಲ ಗಂಗಾ? ಮುಚ್ಚಿಡಬ್ಯಾಡ್ರಿ, ಏನ್ ತ್ರಾಸ್ ಇದ್ರೂ ನನಗ ಹೇಳ್ರಿ ಅಂತ ದಿನಾ ಬಡಕೋತೀನಲ್ಲ."

ಬರೆಯುತ್ತಿದ್ದಾಳೆ ಅಂತ ಬಹಳ ಹೊತ್ತು ತೋರಿಸಿತು. ಕೊನೆಗೆ ಬಂದದ್ದು ಒಂದೇ ಸಾಲು. "ಕಾಶಿನಾಥಣ್ಣ ನಿಮಗ ಹೇಳಿದ್ನಲ್ರಿ ಅಕ್ಕಾರ."

ಗುರುದೇವಿ ಫೋನು ಇಟ್ಟು ಎದ್ದು ಹೋಗಿ ಮುಖ ತೊಳೆದುಕೊಂಡಳು. ತೊಳೆದರೆ ಹೋಗುವಂಥದ್ದಲ್ಲ.

ಕಾಶಿನಾಥ ಹೋದ ವರ್ಷದವರೆಗೆ ತಂಡದ ಹತ್ತನೆಯವನಾಗಿದ್ದ, ಕಲಬುರಗಿಯವನು. ಹೆಂಡತಿಗೆ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕಿತ್ತು. ಆ ಎರಡು ದಿನ ಸ್ವಲ್ಪ ಹೊತ್ತು ಬಿಡಬೇಕು ಅಂತ ಅವನು ಯಾರಿಗೂ ಹೇಳದೆ ಆಕೆಯೊಬ್ಬಳಿಗೆ ಹೇಳಿದ್ದ. ಆಕೆ ಬಿಟ್ಟಳು. ತಿಂಗಳ ಕೊನೆಗೆ ಮೇಲಿನವರು ಈತನ ಗಂಟೆ ಯಾಕೆ ಕಡಿಮೆ ಅಂತ ಕೇಳಿದಾಗ, ಕಾರಣ ತಿಳಿದರೆ ಕನಿಕರಪಟ್ಟಾರು ಅಂತ, ಹೆಂಡತಿಗೆ ಕಾಯಿಲೆ, ಇನ್ನು ಮುಂದೂ ಹೀಗೇ ಆಗಬಹುದು ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು. ಒಬ್ಬರನ್ನು ತೆಗೆಯುವ ಸಮಯ ಬಂತು. ಮುಂದೂ ಹೀಗೇ ಆಗಬಹುದು ಅನ್ನುವ ಮಾತು ಅವರಿಗೆ ಸಾಕಾಯಿತು. ತಾನು ಕೆಟ್ಟದ್ದು ಬಯಸಲಿಲ್ಲ ಅಂತ ಗುರುದೇವಿ ಆಗ ಸಮಾಧಾನ ಮಾಡಿಕೊಂಡಿದ್ದಳು. ಅವನಿಗೆ ಫೋನು ಮಾಡಲು ಮುಖವಿಲ್ಲದೆ ಸುಮ್ಮನಾಗಿದ್ದಳು. ಉಳಿದವರು ಮಾತ್ರ ಪಾಠ ಕಲಿತಿದ್ದರು. ಇಷ್ಟು ದಿನ ದಿನಕ್ಕೆ ಮೂರು ಸಲ ಕೇಳಿದ ಆ ಆರಾಮ್ ಎಲ್ಲಿಂದ ಬಂತೆಂದು ಈಗ ತಿಳಿಯಿತು. ನಾಚಿಕೆಯಾಯಿತು ಆಕೆಗೆ, ಊಟ ಸೇರದಷ್ಟು ನಾಚಿಕೆ.

ಗುರುವಾರ ಬೆಳಿಗ್ಗೆ ಶಾಂತಕುಮಾರನಿಗೆ, ಎದುರಿಗೇ ಕೂತು ಮಾತಾಡಬೇಕು, ನಾನೇ ಬರುತ್ತೇನೆ ಅಂದಳು. ಅವನಿಗೆ ಆಶ್ಚರ್ಯವಾಯಿತು. ಒಂದೇ ಊರಲ್ಲಿದ್ದೂ ಅವರು ಎದುರಾಗಿ ಎರಡು ವರ್ಷವಾಗಿತ್ತು. ಆಟೋ, ಮೆಟ್ರೋ, ಮತ್ತೆ ಆಟೋ ಹತ್ತಿಳಿದು ಆಕೆ ಹಿಮಾಯತ್‌ನಗರದ ಇರಾನಿ ಹೋಟೆಲು ಮುಟ್ಟುವಷ್ಟರಲ್ಲಿ ಅವನು ಬಂದು ಕುಳಿತಿದ್ದ. ಸ್ಕ್ರೀನಿನಲ್ಲಿ ಭುಜದ ಮೇಲಷ್ಟೇ ಕಾಣುತ್ತಿದ್ದವನು ಇಷ್ಟು ಗಿಡ್ಡ ಅಂತ ಆಕೆ ಮರೆತೇಬಿಟ್ಟಿದ್ದಳು. ತಲೆಯೂ ಪೂರ್ತಿ ಬೆಳ್ಳಗಾಗಿತ್ತು. ಅವನದ್ದೂ ನಿದ್ದೆಗೆಟ್ಟ ಮುಖವೇ.

ಗುರುದೇವಿ ಮೊದಲಿಂದ ಕೊನೆಯವರೆಗೆ ಹೇಳಿದಳು. ಅವನ ಚಹಾದ ಮೇಲೆ ಕೆನೆ ಕಟ್ಟಿತು.

"ಇದು ನಿಮಗೆ ಯಾವಾಗಿಂದ ಗೊತ್ತು?"

"ಮೊದಲಿಂದ ಗೊತ್ತೈತ್ರಿ. ನಾನ ಹೇಳಿ ಮಾಡ್ಸೀನಿ."

ಶಾಂತಕುಮಾರ ಆಕೆಯ ಮುಖ ನೋಡಿದ. ಎದುರಿಗೆ ಕುಳಿತವರ ಸುಳ್ಳು ಸ್ಕ್ರೀನಿನಲ್ಲಿ ಹೇಳಿದಷ್ಟು ಸುಲಭಕ್ಕೆ ನಡೆಯುವುದಿಲ್ಲ. ಆದರೂ ಅವನು ಸುಳ್ಳು ಅನ್ನಲಿಲ್ಲ. ಮೂಗಿನ ಮೇಲಿನ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. ಐದು ಜನರನ್ನು ತೆಗೆದರೆ ಪಂಪು ಕಂಪನಿಯವರಿಗೆ ಕಾರಣ ಹೇಳಬೇಕು, ನಾವು ನಿಮಗೆ ಮೊದಲು ಬಂದವಳು ಅಂತ ತೋರಿಸಿದ್ದು ಬಾಯಿಲ್ಲದವಳನ್ನು ಅಂತ ಒಪ್ಪಿಕೊಳ್ಳಬೇಕು ಅಂತ ತನ್ನಷ್ಟಕ್ಕೇ ಹೇಳಿಕೊಂಡ. ಗುರುದೇವಿ ಅದೇ ಜಾಗ ಹಿಡಿದಳು. ತೆಗೆಯುವುದು ಬೇಡ, ಗಂಗಾಳಿಗೆ ದೂರು ಬರೆಯುವ ಕೆಲಸವನ್ನೇ ಕೊಡೋಣ, ಹೇಗೂ ಎರಡು ತಿಂಗಳಿಂದ ಅವಳೇ ಬರೆಯುತ್ತಿದ್ದಾಳೆ, ನಿಮ್ಮ ಹತ್ತು ತಂಡದಲ್ಲಿ ಅಂಥ ಬರಹ ಇನ್ನೊಂದಿಲ್ಲ. ಶುಕ್ರವಾರದ ಬಹುಮಾನ ತಂಡಕ್ಕೆ ಅಂತ ಹೇಳಿ. ತಪ್ಪು ಯಾರದ್ದು ಅಂತ ಕಾಗದದಲ್ಲಿ ಒಂದು ಹೆಸರು ಬೇಕೇ ಬೇಕು ಅಂದರೆ ನನ್ನದು ಹಾಕಿ.

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತೀರಿ," ಅಂದ ಶಾಂತಕುಮಾರ. "ಆದರೆ ಕೋಲು ನೀವೇ ಗುರುದೇವಿಯವರೇ. ನಿಮ್ಮ ಈ ವರ್ಷದ ಬಡ್ತಿ ಹೋಗುತ್ತೆ. ಇನ್ನೊಂದು ಸಲ ಏನಾದರೂ ಆದರೆ ನಾನೂ ಉಳಿಸೋಕಾಗಲ್ಲ."

ಹೋಗಲಿ ಅಂದಳು. ಗಂಗಾಳಿಗೆ ಆರು ತಿಂಗಳು ಬರಹದ ಕೆಲಸ, ಇನ್ನು ಮುಂದೆ ಯಾರೂ ಯಾರ ಲಾಗಿನ್ನೂ ಮುಟ್ಟಬಾರದು, ಗಂಗಾಳ ಕುರ್ಚಿಗೆ ವಾರದೊಳಗೆ ಕೆಲಸ ಗೊತ್ತಿದ್ದವರೊಬ್ಬರನ್ನು ಹುಡುಕಿಕೊಡಬೇಕು ಅಂತ ಮಾತು ಮುಗಿಯಿತು.

ಶುಕ್ರವಾರ ಬಹುಮಾನ ಇಡೀ ತಂಡದ ಹೆಸರಿಗೆ ಆಯಿತು, ಗಂಗಾ ಮಾತಾಡುವ ಪ್ರಸಂಗ ಬರಲಿಲ್ಲ, ದೊಡ್ಡವರು ಚಪ್ಪಾಳೆ ತಟ್ಟಿ ಹೋದರು. ಅವರು ಹೋದ ಮೇಲೆ ಗುರುದೇವಿ ತಂಡದವರನ್ನು ಉಳಿಸಿಕೊಂಡು ಆದದ್ದೆಲ್ಲ ಹೇಳಿದಳು. ಕಾಶಿನಾಥನ ವಿಷಯದಲ್ಲಿ ತಾನು ಬರೆದದ್ದೇನು ಅನ್ನುವುದನ್ನೂ ಹೇಳಿದಳು, ತಪ್ಪಾಯಿತು ಅಂದಳು. ಈ ಸಲ ಹುಲಗೇಶನಿಗೂ ಯಾವ ಸಂಶಯವೂ ಹುಟ್ಟಲಿಲ್ಲ. ಕೊನೆಗೆ ಸುಗಲಮ್ಮ, ಇನ್ನು ಎರಡು ಗಂಟೆ ಮಕ್ಕಳ ಕೂಡ ಇರಬಹುದು, ಬೆನ್ನು ಭಾಳ ನೋಯುತ್ತಿತ್ತು ಅಂದಳು. ಕಾಶಿನಾಥ ಹೋದ ಮೇಲೆ ಆ ತಂಡದಲ್ಲಿ ಒಬ್ಬರು ನೋವು ಅಂದದ್ದು ಅದೇ ಮೊದಲು. ಎಷ್ಟು ದಿನದಿಂದ ಅಂತ ಗುರುದೇವಿ ಕೇಳಿದಳು, ಸುಗಲಮ್ಮ ಹೇಳಿದಳು.

ಒಂದು ಕುರ್ಚಿ ಖಾಲಿ ಉಳಿಯಿತು. ಅದಕ್ಕೆ ಯಾರನ್ನು ಕರೆಯಬೇಕು ಅಂತ ಇರಾನಿ ಹೋಟೆಲಿನಿಂದ ಹೊರಗೆ ಬರುವಾಗಲೇ ಆಕೆಗೆ ಗೊತ್ತಿತ್ತು. ಅವನು ಬಂದರೆ ಆಗಿದ್ದ ಅನ್ಯಾಯ ಸ್ವಲ್ಪವಾದರೂ ಸರಿಹೋದೀತು ಅನ್ನುವ ಆಸೆ. ಅವನ ಪಾಳಿಯನ್ನು ಹೇಗೆ ಹೊಂದಿಸಬೇಕು ಅಂತಲೂ ಯೋಚಿಸಿಟ್ಟಿದ್ದಳು. ಡಯಾಲಿಸಿಸ್ ಇರುವ ಎರಡು ದಿನ ಬೆಳಗಿನ ಹೊತ್ತು ಬಿಟ್ಟು ಸಂಜೆಗೆ ಹಾಕಿದರೆ ಗಂಟೆಯೂ ಕಡಿಮೆಯಾಗದು, ಮೇಲಿನವರು ಕೇಳುವಂತೆಯೂ ಇರದು. ಹೋದ ವರ್ಷವೇ ಹೀಗೆ ಮಾಡಬಹುದಿತ್ತು. ಆಗ ಬುದ್ಧಿ ಓಡಲಿಲ್ಲ, ಓಡಿಸುವ ತ್ರಾಣವೂ ಇರಲಿಲ್ಲ.

ಶನಿವಾರ ಹತ್ತು ಗಂಟೆಗೆ ಕಲಬುರಗಿಗೆ ಫೋನು ಮಾಡಿದಳು. ಕಾಶಿನಾಥ ಕೂಡಲೇ ಎತ್ತಿದ. ಹೇಳ್ರಿ ಅಕ್ಕಾರ ಅಂದ, ನಿನ್ನೆ ಮೀಟಿಂಗಿನಲ್ಲಿ ಸಿಕ್ಕವನ ಹಾಗೆ. ಸುಗಲಮ್ಮ ಎಲ್ಲ ತಿಳಿಸಿದ್ದಾಳೆ, ಗಂಗಾಳನ್ನು ಉಳಿಸಿದ್ದು ಚಲೋ ಆಯಿತು ಅಂದ. ಆ ದನಿಯಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ. ಸಿಕ್ಕಿದ್ದರೆ ಆಕೆಗೆ ಹಗುರಾಗುತ್ತಿತ್ತು.

ಖಾಲಿ ಕುರ್ಚಿಯ ಮಾತು ಎತ್ತಿದಳು. ಪಾಳಿ ಹೊಂದಿಸಿಟ್ಟಿದ್ದನ್ನು, ಆ ಎರಡು ದಿನ ಯಾವ ಹೊತ್ತಿಗೆ ಹೇಗೆ ಅನ್ನುವುದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕಾಶಿನಾಥ ಕೊನೆಯವರೆಗೆ ಕೇಳಿಸಿಕೊಂಡ.

"ಆಕಿ ಶ್ರಾವಣದಾಗ ಹೋದ್ಳ್ರಿ ಅಕ್ಕಾರ," ಅಂದ.

ಗುರುದೇವಿ ಗೊತ್ತಿರಲಿಲ್ಲ ಅನ್ನಬೇಕೆಂದುಕೊಂಡಳು. ಗೊತ್ತುಮಾಡಿಕೊಳ್ಳಲಿಲ್ಲ ಅನ್ನುವುದೇ ನಿಜವಾಗಿದ್ದರಿಂದ ಆ ಮಾತು ಬಾಯಿಗೆ ಬರಲಿಲ್ಲ. ಬೀದಿಯಲ್ಲಿ ತರಕಾರಿಯವನು ತೆಲುಗಿನಲ್ಲಿ ಕೂಗುತ್ತ ಹೋದ.

ಕಾಶಿನಾಥನೇ ಮುಂದುವರಿಸಿದ. ಕೆಲಸ ಬೇಕು, ಸೋಮವಾರದಿಂದಲೇ ಬರುತ್ತೇನೆ ಅಂದ. ಕಂಪ್ಯೂಟರು ಇದೆ, ನೆಟ್ ಇದೆ, ಮನೆಯಲ್ಲಿ ಗದ್ದಲವೂ ಇಲ್ಲ ಅಂದ.

"ಪಾಳಿ ಹೊಂದಸೂದು ಏನ್ ಬ್ಯಾಡ್ರಿ ಅಕ್ಕಾರ. ಯಾವ ವ್ಯಾಳ್ಯಾಕ್ಕ ಬೇಕಾದ್ರೂ ಹಾಕ್ರಿ. ಈಗ ನನಗ ರಜಾ ಬೇಕಾಗಂಗಿಲ್ಲ."

ಗುರುದೇವಿ ಫೋನನ್ನು ಕಿವಿಗೆ ಹಿಡಿದುಕೊಂಡೇ ಕುಳಿತಳು. ಆ ಕಡೆಯಿಂದ ಅವನೂ ಇಡಲಿಲ್ಲ.